ಚರ್ಚ್ ಸ್ಟ್ರೀಟನ್ನು ವಾರಕ್ಕೆ ಎರಡು ದಿನ ನಡೆಯುವವರಿಗೆ ಬಿಡಿ

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

'ಎಲ್ಲ ಅಧಿಕಾರಿಗಳಿಗೆ' ಅಂತ ಬರೆದದ್ದು ಬೇಕೆಂದೇ. ಈ ಬೀದಿಯಲ್ಲಿ ಕಲ್ಲು ಒಬ್ಬರದು, ಕಲ್ಲಿನ ಕೆಳಗಿನ ಪೈಪು ಇನ್ನೊಬ್ಬರದು, ಕರೆಂಟು ಮತ್ತೊಬ್ಬರದು, ಮೇಲೆ ಓಡುವ ಗಾಡಿಗಳ ಲೆಕ್ಕ ಬೇರೆಯವರದು. ಒಬ್ಬರಿಗೆ ಬರೆದರೆ ಅದು ಇನ್ನೊಬ್ಬರ ಟೇಬಲ್ಲಿಗೆ ಹೋಗುತ್ತದೆ. ಹೋದ ವರ್ಷ ಇಲ್ಲಿನ ಒಂದು ಅಲ್ಲಾಡುವ ಕಲ್ಲಿನ ಬಗ್ಗೆ ದೂರು ಕೊಟ್ಟಿದ್ದೆ. ಮೂರು ದಿನದ ಮೇಲೆ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೊಬೈಲ್‌ಗೆ ಮೆಸೇಜ್ ಬಂತು. ಅವತ್ತು ಸಂಜೆ ಆಫೀಸು ಬಿಟ್ಟ ಮೇಲೆ ಹೋಗಿ ಅದೇ ಕಲ್ಲಿನ ಮೇಲೆ ನಿಂತೆ. ಅಲ್ಲಾಡಿತು.

ಆ ಕಲ್ಲಿನಿಂದಲೇ ಶುರು ಮಾಡುತ್ತೇನೆ. ಅಂಗೈಯಗಲದ ಕಲ್ಲು ಅದು. ಪಕ್ಕದ ಎರಡು ಆಗಲೇ ಎದ್ದುಹೋಗಿ, ಆ ಜಾಗಕ್ಕೆ ಯಾರೋ ಒಂದು ಬಾಂಡ್ಲಿ ಸಿಮೆಂಟ್ ಸುರಿದು ಕರಣೆಯಲ್ಲಿ ಸವರಿ ಹೋಗಿದ್ದಾರೆ. ಸಿಮೆಂಟ್ ಒಣಗುವ ಮೊದಲು ಒಂದು ಬೈಕು ಅದರ ಮೇಲೆ ಹೋಗಿದೆ, ಟೈರಿನ ಗೆರೆ ಹಾಗೇ ಉಳಿದಿದೆ. ಆಟೋ ಹೋದರೆ ಕಲ್ಲು 'ಟಕ್' ಅನ್ನುತ್ತದೆ, ಕಾರು ಹೋದರೆ 'ಟಕ್ ಟಕ್'. ಮಳೆ ಬಂದ ಮಾರನೇ ದಿನ ಅದರ ಮೇಲೆ ಕಾಲಿಟ್ಟರೆ ಅಡಿಯಲ್ಲಿ ನಿಂತ ಕಪ್ಪು ನೀರು ಪಿಚಕಾರಿ ಹಾಗೆ ಚಿಮ್ಮಿ ಸೀರೆ ನೆರಿಗೆಗೆ ಬಡಿಯುತ್ತದೆ. ನಮ್ಮ ಆಫೀಸಿನಲ್ಲಿ ಇದಕ್ಕೆ 'ಚರ್ಚ್ ಸ್ಟ್ರೀಟ್ ತೀರ್ಥ' ಅಂತಲೇ ಹೆಸರು.

ಕಲ್ಲು ಹಾಕಿದವರ ಕೆಲಸವೇ ಕೆಟ್ಟದು ಅಂತ ನಾನು ಹೇಳುತ್ತಿಲ್ಲ. 2017ರಲ್ಲಿ, ಬೀದಿಗಳನ್ನು ಹೊಸದಾಗಿ ಕಟ್ಟುವ ಟೆಂಡರ್ ಶ್ಯೂರ್ ಯೋಜನೆಯಲ್ಲಿ ಬೀದಿ ಅಗೆದಾಗ ಬೈದುಕೊಂಡವರಲ್ಲಿ ನಾನೂ ಒಬ್ಬಳು. ತಿಂಗಳುಗಟ್ಟಲೆ ಮಣ್ಣು ದಾಟಿಕೊಂಡು, ಧೂಳು ಕುಡಿದುಕೊಂಡು ಓಡಾಡಿದ್ದೆವು. 2018ರಲ್ಲಿ ಬೀದಿ ತೆರೆದಾಗ ಬಾಯಿ ಮುಚ್ಚಿಕೊಂಡೆ. ತಲೆ ಮೇಲೆ ಜೋತಾಡುತ್ತಿದ್ದ ವೈರುಗಳು ನೆಲದೊಳಗೆ ಹೋಗಿದ್ದವು, ಫುಟ್‌ಪಾತ್ ಅಗಲವಾಗಿತ್ತು, ಡಾಂಬರಿನ ಬದಲು ವಿನ್ಯಾಸ ಮಾಡಿ ಜೋಡಿಸಿದ ಕಲ್ಲುಹಾಸು. ಬ್ರಿಗೇಡ್ ರೋಡಿನಿಂದ ಸೇಂಟ್ ಮಾರ್ಕ್ಸ್ ರೋಡಿನವರೆಗೆ ಇಡೀ ಬೀದಿ ಮುಕ್ಕಾಲು ಕಿಲೋಮೀಟರ್ ಆಸುಪಾಸು, ಅಷ್ಟೇ. ಅಷ್ಟು ದೂರ ತಲೆ ತಗ್ಗಿಸಿ ಗುಂಡಿ ನೋಡದೆ ನಡೆದದ್ದು ಬೆಂಗಳೂರಿನಲ್ಲಿ ನನಗೆ ಅದೇ ಮೊದಲು ಅನ್ನಿಸುತ್ತದೆ.

ಆದರೆ ಹೀಗೆ ಜೋಡಿಸಿದ ಸಣ್ಣ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡು ನಿಲ್ಲುವಂಥವು. ಕಾರು ಬಂದು ಬ್ರೇಕ್ ಹಾಕುತ್ತದೆ, ಪಾರ್ಕಿಂಗ್ ಸಿಕ್ಕಿತು ಅಂತ ನಿಂತಲ್ಲೇ ಸ್ಟೇರಿಂಗ್ ತಿರುಗಿಸುತ್ತದೆ, ಸರಕಿನ ಗಾಡಿ ಹಿಂದಕ್ಕೆ ಮುಂದಕ್ಕೆ ಹೋಗುತ್ತದೆ. ಸಂದಿಯ ಪುಡಿ ಉದುರುತ್ತದೆ, ಮಳೆ ನೀರು ಇಳಿದು ಅಡಿಯದ್ದನ್ನು ಕೊಚ್ಚುತ್ತದೆ, ಒಂದು ಕಲ್ಲು ಸಡಿಲವಾದರೆ ಸುತ್ತಲಿನ ಎಂಟಕ್ಕೂ ಹಿಡಿತ ತಪ್ಪುತ್ತದೆ. ಇದನ್ನು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ. ಕಾಲಿಗೆ ಅಂತ ಕಲ್ಲು ಹಾಕಿ ಗಾಲಿಗೆ ಬಿಟ್ಟಿದ್ದೀರಿ. ಬೀದಿ ತೆರೆದು ಹೆಚ್ಚು ವರ್ಷ ಆಗುವ ಮೊದಲೇ ರಿಪೇರಿ ಬಂತು, ಆಮೇಲೆ ಮತ್ತೆ ಬಂತು, 2025ರಲ್ಲಿ ಒಂದು ಖಾಸಗಿ ಸಂಸ್ಥೆ ಬೀದಿಯನ್ನು ದತ್ತು ತೆಗೆದುಕೊಂಡು ಕಲ್ಲು ಸರಿಮಾಡಲು ಹೊರಟಿತು. ಅವರಿಗೆ ಒಳ್ಳೆಯದಾಗಲಿ. ಆದರೆ ಮೇಲಿನಿಂದ ಗಾಡಿ ಹೋಗುತ್ತಲೇ ಇರುವಾಗ ಎಷ್ಟು ಸಲ ಅಂತ ಕಲ್ಲು ಕೂರಿಸುತ್ತೀರಿ?

ನನ್ನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ 'ಯಾರೋ ವೀಕೆಂಡ್‌ಗೆ ಬಂದು ಫೋಟೋ ಹೊಡೆದು ಹೋಗುವವರು' ಅಂದುಕೊಳ್ಳುತ್ತೀರಿ. ನಾನು ಅರಸೀಕೆರೆ ಕಡೆಯವಳು. 1998ರಲ್ಲಿ ಕೆಲಸಕ್ಕೆ ಅಂತ ಬಂದೆ, ಅಂದಿನಿಂದ ಇಲ್ಲೇ ಹತ್ತಿರದ ಆಫೀಸುಗಳಲ್ಲಿ ಅಕೌಂಟ್ಸ್ ಬರೆದುಕೊಂಡಿದ್ದೇನೆ. ಮೊದಲ ಸಂಬಳದಲ್ಲಿ ಪುಸ್ತಕ ಕೊಂಡದ್ದು ಮ್ಯೂಸಿಯಂ ರೋಡಿನ ಪ್ರೀಮಿಯರ್ ಬುಕ್‌ಶಾಪ್‌ನಲ್ಲಿ. ನೋಡದವರಿಗೆ ಹೇಳಿದರೆ ನಂಬುವುದಿಲ್ಲ: ಒಳಗೆ ಒಬ್ಬರು ಇದ್ದರೆ ಇನ್ನೊಬ್ಬರು ಅಡ್ಡಡ್ಡ ತಿರುಗಿ ದಾಟಬೇಕು, ಗೋಡೆಗಳೇ ಪುಸ್ತಕದ್ದು. ಏನು ಕೇಳಿದರೂ ಅಂಗಡಿ ಮಾಲೀಕರಾದ ಶಾನಭಾಗರು ರಾಶಿಯ ನಡುವಿನಿಂದ ರಾಶಿ ಬೀಳದ ಹಾಗೆ ಎಳೆದು ಕೊಡುತ್ತಿದ್ದರು, ಕೇಳದೇ ರಿಯಾಯಿತಿ ಬೇರೆ. 2009ರಲ್ಲಿ ಅದು ಮುಚ್ಚಿತು. ಅದೇ ವರ್ಷ ಎಂ.ಜಿ. ರೋಡಿನ ಇಂಡಿಯಾ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಬಂತು, ಬಿಳಿ ರುಮಾಲಿನ ಸಪ್ಲೈಯರ್‌ಗಳ ಸಮೇತ. ಹಳೇ ಪುಸ್ತಕದ ಅಂಗಡಿಗಳು ಇದೇ ಬೀದಿಯಲ್ಲಿ ದೊಡ್ಡದಾದವು. ಈಗ ಬ್ಲಾಸಮ್, ಬುಕ್‌ವರ್ಮ್ ಅಂದರೆ ಬೇರೆ ಊರಿನವರಿಗೂ ಗೊತ್ತು. ಪುಸ್ತಕದ ಅಂಗಡಿಯ ವ್ಯಾಪಾರ ಹೇಗೆ ನಡೆಯುತ್ತದೆ ಗೊತ್ತಲ್ಲ? ದಾರಿಯಲ್ಲಿ ಹೋಗುವವರು ಸುಮ್ನೆ ನಿಲ್ಲುತ್ತಾರೆ, ಕಿಟಕಿಯಲ್ಲಿ ಇಣುಕುತ್ತಾರೆ, ಒಳಗೆ ಬರುತ್ತಾರೆ. ಕಾರಿನಲ್ಲಿ ಹೋಗುವವರು ಇಣುಕುವುದಿಲ್ಲ.

ಹಳೇ ಕಥೆಯೂ ಸ್ವಲ್ಪ ನೆನಪಿಸುತ್ತೇನೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು, ಅಂದರೆ ಕಂಟೋನ್ಮೆಂಟ್, ಕಟ್ಟಿದರು. ಈಗಿನ ಎಂ.ಜಿ. ರೋಡು ಆಗ ಸೌತ್ ಪರೇಡ್. ಅದರ ತುದಿಯ ಸೇಂಟ್ ಮಾರ್ಕ್ಸ್ ಚರ್ಚು ಎದ್ದದ್ದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆ ಸೌತ್ ಪರೇಡಿನ ಹಿಂದಿನ ಬೀದಿ ನಮ್ಮ ಚರ್ಚ್ ಸ್ಟ್ರೀಟ್. ಹಳೇ ಊರಾದ ಪೇಟೆ ಬೇರೆ, ದಂಡು ಬೇರೆ. ಪೇಟೆಯವರಿಗೆ ಇದು ಇನ್ನೊಂದು ಊರೇ ಆಗಿತ್ತು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಕಾಗದದಲ್ಲಿ ಒಂದಾದದ್ದು ಆಗ, ಜನ ಒಂದಾದದ್ದು ಬಹಳ ನಿಧಾನವಾಗಿ. ನಾನು ಬಂದ ಹೊಸದರಲ್ಲಿ ಈ ಬೀದಿಯಲ್ಲಿ ಕನ್ನಡ ಮಾತಾಡಲು ಹಿಂಜರಿಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಮೆಟ್ರೋ 2011ರಲ್ಲಿ ಎಂ.ಜಿ. ರೋಡಿಗೆ ಬಂದ ಮೇಲೆ ನೋಡಿ, ಪೂರ್ವದಿಂದ, ಪಶ್ಚಿಮದಿಂದ ಎಲ್ಲ ಬಗೆಯ ಜನ ಬರತೊಡಗಿದರು. ಈಗ ಶನಿವಾರ ಸಂಜೆ ನಿಂತು ಕೇಳಿದರೆ ಮಂಡ್ಯ ಕನ್ನಡ, ಹುಬ್ಬಳ್ಳಿ ಕನ್ನಡ, ತಮಿಳು, ಮಲಯಾಳಂ, ಅಸ್ಸಾಮಿ ಎಲ್ಲ ಕಿವಿಗೆ ಬೀಳುತ್ತದೆ. ಇವರು ಯಾರೂ ಕಾರಿನಲ್ಲಿ ಬಂದವರಲ್ಲ.

ಈಗ ನಮ್ಮ ಅಮ್ಮನ ವಿಷಯ. ಅವರಿಗೆ ಎಪ್ಪತ್ತೆರಡು, ಮಂಡಿ ನೋವು. ಹೋದ ದಸರಾ ರಜೆಯಲ್ಲಿ ಬಂದಿದ್ದಾಗ 'ನೀನು ಯಾವಾಗಲೂ ಹೇಳುತ್ತೀಯಲ್ಲ, ಆ ಬೀದಿ ತೋರಿಸು' ಅಂದರು. ಕರೆದುಕೊಂಡು ಹೋದೆ. ಮೊದಲ ಇನ್ನೂರು ಹೆಜ್ಜೆ ಚೆನ್ನಾಗಿತ್ತು. ಒಬ್ಬ ಹುಡುಗ ಕೂತವರ ಮುಖ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ, ಅಮ್ಮ ನಿಂತು ನೋಡಿದರು. ಆಮೇಲೆ ಫುಟ್‌ಪಾತ್ ಅಂಚಿನ ಗುಂಡುಕಂಬಗಳಲ್ಲಿ ಒಂದು ಮುರಿದುಹೋಗಿದ್ದ ಕಡೆ ಬಂದೆವು. ಅಲ್ಲಿಂದ ಬೈಕುಗಳು ಸಾಲಾಗಿ ಫುಟ್‌ಪಾತಿಗೆ ಹತ್ತುತ್ತಿದ್ದವು. ಹಿಂದಿನಿಂದ ಹಾರ್ನ್.

'ಆಂಟೀ, ಸ್ವಲ್ಪ ಸೈಡ್ ಬಿಡಿ.'

ಅಮ್ಮ ತಿರುಗಿ ನೋಡಿ, 'ಇದು ನಡೆಯೋ ಜಾಗ ಕಣಪ್ಪಾ' ಅಂದರು.

'ಗೊತ್ತು ಆಂಟಿ, ಆರ್ಡರ್ ಲೇಟಾಗುತ್ತೆ. ಪ್ಲೀಸ್.'

ಪಾಪ, ಅವನ ಮುಖದಲ್ಲಿ ಕೊಬ್ಬಿರಲಿಲ್ಲ, ಬೆವರಿತ್ತು. ಅಮ್ಮನೇ ಸರಿದರು. ಸರಿಯುವಾಗ ಫುಟ್‌ಪಾತಿನಿಂದ ಕೆಳಗಿಟ್ಟ ಕಾಲು ಅಲ್ಲಾಡುವ ಕಲ್ಲಿನ ಮೇಲೆ ಬಿತ್ತು, ಚಪ್ಪಲಿ ಉಂಗುಷ್ಟ ಕಿತ್ತುಬಂತು, ನಾನು ಕೈ ಹಿಡಿದಿದ್ದರಿಂದ ಬೀಳಲಿಲ್ಲ. ಬರಿಗಾಲಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಕಾಫಿ ಹೌಸ್‌ವರೆಗೆ ನಡೆದರು. ಕೂತ ಮೇಲೆ ಅವರು ಕೇಳಿದ್ದು ಒಂದೇ: 'ಇಷ್ಟು ಚೆಂದ ಕಲ್ಲು ಹಾಕಿ ಅದರ ಮೇಲೆ ಯಾಕೆ ಗಾಡಿ ಬಿಡುತ್ತಾರೆ? ನಮ್ಮೂರ ದೇವಸ್ಥಾನದ ಪ್ರಾಂಗಣಕ್ಕೆ ಯಾರಾದರೂ ಬೈಕು ತರುತ್ತಾರಾ?' ನನ್ನಲ್ಲಿ ಉತ್ತರ ಇರಲಿಲ್ಲ. ನಿಮ್ಮಲ್ಲಿ ಇದ್ದರೆ ಹೇಳಿ, ಅವರಿಗೆ ಫೋನ್ ಮಾಡಿ ತಿಳಿಸುತ್ತೇನೆ.

ಇದು ಆಗದ ಮಾತಲ್ಲ, ಒಂದು ಸಲ ಆಗಿದೆ. 2020ರ ನವೆಂಬರ್ 7ರಂದು ಇದೇ ಬೀದಿಯಲ್ಲಿ 'ಕ್ಲೀನ್ ಏರ್ ಸ್ಟ್ರೀಟ್' ಅಂತ ಪ್ರಯೋಗ ಶುರುವಾಯಿತು. ಮುಖ್ಯಮಂತ್ರಿಗಳೇ ಬಂದು ಉದ್ಘಾಟನೆ ಮಾಡಿದರು. ಶನಿವಾರ, ಭಾನುವಾರ ಗಾಡಿಗಳಿಗೆ ಪ್ರವೇಶ ಇಲ್ಲ. 2021ರ ಫೆಬ್ರವರಿ ಕೊನೆಯವರೆಗೆ ನಡೆಯಿತು. ಆ ನಾಲ್ಕು ತಿಂಗಳಲ್ಲಿ ನಾನು ಕಡಿಮೆ ಅಂದರೂ ಹತ್ತು ಸಲ ಹೋಗಿದ್ದೇನೆ. ಮೊದಲ ದಿನ ತಮಾಷೆ ಏನಾಯಿತು ಅಂದರೆ, ಗಾಡಿ ಇಲ್ಲದಿದ್ದರೂ ಜನ ಫುಟ್‌ಪಾತ್ ಮೇಲೇ ಸಾಲಾಗಿ ನಡೆಯುತ್ತಿದ್ದರು, ಬೀದಿಯ ನಡುವೆ ಇಳಿಯಲು ಹೆದರಿಕೆ. ಒಂದು ಮಗು ಅಪ್ಪನ ಕೈ ಬಿಡಿಸಿಕೊಂಡು ನಡುಬೀದಿಗೆ ಓಡಿತು. ಅಪ್ಪ 'ಏಯ್ ಏಯ್' ಅಂತ ಹಿಂದೆ ಓಡಿ, ಅರ್ಧ ದಾರಿಯಲ್ಲಿ ನೆನಪಾಗಿ, ನಿಂತು ನಕ್ಕುಬಿಟ್ಟ. ಆಮೇಲೆ ಎಲ್ಲರೂ ಇಳಿದೆವು. ಹಾರ್ನ್ ಇಲ್ಲದ ಬೀದಿಯಲ್ಲಿ ಚಪ್ಪಲಿ ಸದ್ದು ಕೇಳುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತು.

ಮಾರ್ಚ್ ಮೊದಲ ಶನಿವಾರ ಹೋದರೆ ಮತ್ತೆ ಕಾರುಗಳು.

ಪ್ರಯೋಗಕ್ಕೆ ವಿರೋಧವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನನಗೆ ಪರಿಚಯದ ಅಂಗಡಿಯವರೊಬ್ಬರು, 'ಜನ ಜಾತ್ರೆ ಹಾಗೆ ಬರುತ್ತಾರೆ ಮೇಡಂ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಕೊಳ್ಳುವವರು ಪಾರ್ಕಿಂಗ್ ಇಲ್ಲ ಅಂತ ಬರುವುದೇ ಇಲ್ಲ' ಅಂದಿದ್ದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಬಾಡಿಗೆ ಕಟ್ಟುವವರು ಅವರು, ನಾನಲ್ಲ. ಆದರೆ ಅದು ಎಂಥ ವರ್ಷ ಅಂತ ನೆನಪಿಸಿಕೊಳ್ಳಿ. ಕೊರೊನಾ ಕಾಲ. ಮಾಸ್ಕ್ ಹಾಕಿಕೊಂಡು, ಸಂಬಳ ಕಟ್ ಆಗಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಜನ. ಆ ವರ್ಷ ಗಾಡಿ ಬಿಟ್ಟಿದ್ದ ಬೀದಿಗಳಲ್ಲೂ ವ್ಯಾಪಾರ ಇರಲಿಲ್ಲ. ಆ ನಾಲ್ಕು ತಿಂಗಳನ್ನು ತೋರಿಸಿ 'ನೋಡಿ ಗೆದ್ದಿತು' ಅನ್ನುವುದೂ ತಪ್ಪು, 'ನೋಡಿ ಸೋತಿತು' ಅನ್ನುವುದೂ ತಪ್ಪು. ಅದಕ್ಕೇ ಹೇಳುವುದು, ಈಗ ಇನ್ನೊಂದು ಸಲ ಮಾಡಿ ನೋಡಿ, ಜನ ಸಹಜವಾಗಿ ಓಡಾಡುವ ಕಾಲದಲ್ಲಿ.

ಪಾರ್ಕಿಂಗ್ ಮಾತಿಗೆ ಬಂದರೆ, ಬೀದಿಯ ಎರಡು ಬದಿ ಒಟ್ಟು ಎಷ್ಟು ಕಾರು ನಿಲ್ಲುತ್ತವೆ ಅಂತ ಒಂದು ಶನಿವಾರ ನೀವೇ ಎಣಿಸಿ. ಒಂದು ಕಾರಿನ ಜಾಗದಲ್ಲಿ ಎಷ್ಟು ಜನ ನಿಲ್ಲಬಹುದು ಅಂತಲೂ ಎಣಿಸಿ. ಮೆಟ್ರೋ ನಿಲ್ದಾಣ ಐದು ನಿಮಿಷದ ನಡಿಗೆ. ನನ್ನ ಅನುಭವದಲ್ಲಿ ಹೇಳುತ್ತೇನೆ, ಇಲ್ಲಿ ಕಾರು ನಿಲ್ಲಿಸಲು ಸುತ್ತುವ ಹೊತ್ತಿನಲ್ಲಿ ಮೆಟ್ರೋದಲ್ಲಿ ಇಂದಿರಾನಗರದಿಂದ ಬಂದು ಕಾಫಿ ಕುಡಿದು ಮುಗಿಸಬಹುದು.

ಬೇರೆ ಊರುಗಳು ಇದನ್ನು ಮಾಡಿವೆ. ಕೆಲವು ವರ್ಷಗಳ ಹಿಂದೆ ರಜೆಗೆ ಶಿಮ್ಲಾಕ್ಕೆ ಹೋಗಿದ್ದೆವು. ಅದೂ ಬ್ರಿಟಿಷರು ಕಟ್ಟಿದ ಊರು. ಗಾಡಿಗಳೆಲ್ಲ ಕೆಳಗೆ ಕಾರ್ಟ್ ರೋಡಿನಲ್ಲಿ, ಜನ ಲಿಫ್ಟ್‌ನಲ್ಲಿ ಹತ್ತಿ ಮಾಲ್ ರೋಡಿಗೆ ಬರುತ್ತಾರೆ, ಅಲ್ಲಿನ ಅಂಗಡಿಗಳೇನೂ ಬಾಗಿಲು ಹಾಕಿಲ್ಲ. ಗ್ಯಾಂಗ್ಟಾಕಿನ ಎಂ.ಜಿ. ಮಾರ್ಗದಲ್ಲೂ ಗಾಡಿ ಇಲ್ಲ, ನಡುವೆ ಬೆಂಚು, ಹೂವಿನ ಗಿಡ. ಗುಡ್ಡದ ಊರುಗಳ ಮಾತು ಬೇರೆ ಅನ್ನುತ್ತೀರಾ? ಸರಿ, ದೆಹಲಿಯ ಚಾಂದನಿ ಚೌಕ್ ನೋಡಿ. ಅಂಥ ನೂಕುನುಗ್ಗಲಿನ ಹಳೇ ಬಜಾರಿನಲ್ಲಿ, ಕೆಂಪುಕೋಟೆಯಿಂದ ಫತೇಪುರಿ ಮಸೀದಿವರೆಗೆ 1.3 ಕಿಲೋಮೀಟರ್ ಉದ್ದಕ್ಕೆ, 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ನಿಷೇಧ. ಸರಕು ಇಳಿಸುವುದು ರಾತ್ರಿ. ಅಲ್ಲೂ ಬೈಕಿನವರು ಕದ್ದು ನುಗ್ಗುತ್ತಾರೆ, ಅದೇನು ರಾಮರಾಜ್ಯವಲ್ಲ. ಆದರೆ ನಿಯಮ ಇದ್ದರೆ ತಾನೇ ಮುರಿಯುವವರನ್ನು ಹಿಡಿಯುವುದು. ನಾನು ಕೇಳುತ್ತಿರುವುದು ವಾರಕ್ಕೆ ಎರಡೇ ದಿನ, ಅದೂ ಅದರ ಹೆಚ್ಚುಕಡಿಮೆ ಅರ್ಧದಷ್ಟು ಉದ್ದದ ಬೀದಿಗೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. 'ನಡೆಯುವವರ ಬೀದಿ' ಅಂದ ಕೂಡಲೇ ಕೆಲವರಿಗೆ ಮೊದಲು ಕಣ್ಣಿಗೆ ಬೀಳುವುದು ಕಿವಿಯೋಲೆ ಮಾರುವ ಹೆಂಗಸು, ಚಿತ್ರ ಬರೆಯುವ ಹುಡುಗ, ಗಿಟಾರ್ ಹಿಡಿದವನು. ಅವರನ್ನು ಎತ್ತಿಸುವುದೇ ಸ್ವಚ್ಛತೆ ಅಂದುಕೊಳ್ಳುತ್ತಾರೆ. ದಯವಿಟ್ಟು ಅದು ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ, ಸಮೀಕ್ಷೆ ಮಾಡಿ, ಗುರುತಿನ ಚೀಟಿ ಕೊಟ್ಟು, ಜಾಗ ತೋರಿಸಬೇಕು ಅಂತ ಅದರಲ್ಲೇ ಬರೆದಿದೆ. ಇದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ನೂರಕ್ಕೆ ನಲವತ್ತು ಜನ ವ್ಯಾಪಾರಿಗಳೇ ಇರಬೇಕು ಅಂತಲೂ ಇದೆ. ಅಮ್ಮನಿಗೆ ಹಾರ್ನ್ ಹೊಡೆದ ಆ ಡೆಲಿವರಿ ಹುಡುಗನ ಮೇಲೂ ನನಗೆ ಸಿಟ್ಟಿಲ್ಲ. ಬೀದಿಯ ಎರಡು ತುದಿಯಲ್ಲಿ ಅವರಿಗೆ ಬೈಕು ನಿಲ್ಲಿಸಲು ಜಾಗ, ಕೂರಲು ಒಂದು ಬೆಂಚು, ಕುಡಿಯಲು ನೀರು ಇಟ್ಟರೆ ಅವರು ನಡೆದೇ ಬಂದು ಪಾರ್ಸಲ್ ತೆಗೆದುಕೊಳ್ಳುತ್ತಾರೆ. ಎಷ್ಟು ದೂರ ಅಂತ? ಬೀದಿಯೇ ಅಷ್ಟಿರುವುದು.

ಹೆಣ್ಣುಮಕ್ಕಳ ವಿಷಯ ಬಿಟ್ಟರೆ ತಪ್ಪಾಗುತ್ತದೆ. 2025ರಲ್ಲಿ ಇದೇ ಬೀದಿಯಲ್ಲಿ ನಡೆದುಹೋಗುವ ಹುಡುಗಿಯರ ವಿಡಿಯೋ ಮಾಡಿ ಅವರಿಗೆ ಹೇಳದೇ ಕೇಳದೇ ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದಾನೆ ಅಂತ ಒಬ್ಬನನ್ನು ಪೊಲೀಸರು ಬಂಧಿಸಿದರು. ದೂರು ಹೊರಗೆ ಬಂದದ್ದು ಒಬ್ಬ ಹುಡುಗಿ ಧೈರ್ಯ ಮಾಡಿದ್ದರಿಂದ. ಬರೀ ಗಾಡಿ ನಿಲ್ಲಿಸಿದರೆ ಸಾಲದು. ಬೀದಿಯಲ್ಲಿ ನಡೆದಾಡಿಕೊಂಡಿರುವ ಇಬ್ಬರು ಮಹಿಳಾ ಪೊಲೀಸರು ಬೇಕು, ಜೀಪಿನಲ್ಲಿ ಕೂತವರಲ್ಲ. ಒಂದು ಒಳ್ಳೆಯ ಶೌಚಾಲಯವೂ ಬೇಕು. ಬಾತ್‌ರೂಮಿಗೆ ಹೋಗಬೇಕಾಗಿ, ಬೇಡದ ಕಾಫಿಗೆ ದುಡ್ಡು ಕೊಟ್ಟದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಅಕೌಂಟ್ಸಿನವಳಾಗಿ ಆ ಲೆಕ್ಕ ಇಡಬೇಕಿತ್ತು.

ಹಾಗಾಗಿ ಕೇಳುವುದಿಷ್ಟು. ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ರಾತ್ರಿವರೆಗೆ ಚರ್ಚ್ ಸ್ಟ್ರೀಟಿನಲ್ಲಿ ಗಾಡಿ ಬೇಡ. ಮೊದಲು ಆರು ತಿಂಗಳು ಮಾಡಿ. ಅಂಗಡಿಗಳ ಸರಕು 10 ಗಂಟೆ ಒಳಗೆ ಇಳಿಯಲಿ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿಗೆ ಬೇಕಾದರೆ ಎತ್ತಿ ತೆಗೆಯಬಹುದಾದ ಕಂಬಗಳನ್ನು ಎರಡು ತುದಿಗೆ ನೆಡಿ, ಮುರಿದುಹೋದ ಗುಂಡುಕಂಬಗಳನ್ನು ಮೊದಲು ಸರಿ ಮಾಡಿ, ಆ ಒಂದು ಕೆಲಸಕ್ಕೆ ಯಾವ ಪ್ರಯೋಗವೂ ಬೇಕಿಲ್ಲ. ನಡೆಯಲಾಗದವರಿಗೆ, ನಮ್ಮ ಅಮ್ಮನಂಥವರಿಗೆ, ಗಾಲಿಕುರ್ಚಿಯವರಿಗೆ ಬ್ಯಾಟರಿ ಗಾಡಿ ಒಂದೆರಡು ಓಡಲಿ, ಏರ್‌ಪೋರ್ಟಿನಲ್ಲಿ ಓಡುವುದಿಲ್ಲವೇ ಹಾಗೆ, ನಿಧಾನಕ್ಕೆ. ಅಂಗಡಿಯವರನ್ನು ಶುರುವಿನಲ್ಲೇ ಕರೆದು ಕೂರಿಸಿ, ಅವರ ವ್ಯಾಪಾರದ ಲೆಕ್ಕ ಮೊದಲು ಎಷ್ಟು, ಆಮೇಲೆ ಎಷ್ಟು ಅಂತ ಬರೆದುಕೊಳ್ಳಿ. ಆರು ತಿಂಗಳ ಮೇಲೆ ಜನ ಎಷ್ಟು ಬಂದರು, ಗಾಳಿ ಹೇಗಿತ್ತು, ಕಲ್ಲು ಎಷ್ಟು ಎದ್ದವು ಅನ್ನುವುದನ್ನೆಲ್ಲ ಕನ್ನಡದಲ್ಲಿ ಬರೆದು ಬೀದಿಯಲ್ಲೇ ಒಂದು ಬೋರ್ಡಿಗೆ ಹಾಕಿ. ಲೆಕ್ಕ ನಮ್ಮ ವಿರುದ್ಧ ಬಂದರೆ ಒಪ್ಪಿಕೊಳ್ಳುತ್ತೇನೆ, ಆದರೆ ಲೆಕ್ಕ ಇಡಿ.

ಇನ್ನೊಂದು, ಇದು ಚಿಕ್ಕದು. ಈ ಬೀದಿಗೆ ಒಬ್ಬರೇ ಹೊಣೆಗಾರರನ್ನು ನೇಮಿಸಿ, ಅವರ ಆಫೀಸಿನ ನಂಬರ್ ಆ ಬೋರ್ಡಿನ ಕೆಳಗೆ ಬರೆಸಿ. ನಗರದಲ್ಲಿ ಒಂದಿದ್ದ ಪಾಲಿಕೆ 2025ರಲ್ಲಿ ಐದಾಗಿದೆ, ಹಾಗಿರುವಾಗ ಒಂದು ಬೀದಿಗೆ ಒಬ್ಬರು ಸಿಗುವುದು ಕಷ್ಟವಾಗಲಾರದು.

ನಿಮ್ಮಲ್ಲಿ ಯಾರಾದರೂ ಬಂದು ನೋಡುವುದಾದರೆ ಶನಿವಾರ ಸಂಜೆ ಆರಕ್ಕೆ ಬನ್ನಿ, ಮಳೆ ಬಂದ ಮಾರನೇ ದಿನವಾದರೆ ಇನ್ನೂ ಒಳ್ಳೆಯದು. ಬ್ರಿಗೇಡ್ ರೋಡ್ ತುದಿಯಲ್ಲಿ ನಿಂತಿರುತ್ತೇನೆ. ನನ್ನ ಕಲ್ಲು ಸಿಮೆಂಟಿನ ತೇಪೆಯ ಎಡಕ್ಕಿದೆ, ಟೈರಿನ ಗೆರೆ ನೋಡಿದರೆ ಗುರುತು ಸಿಗುತ್ತದೆ. ಬಿಳಿ ಪ್ಯಾಂಟ್ ಹಾಕಿಕೊಂಡು ಬರಬೇಡಿ.

ಇಂತಿ,
1998ರಿಂದ ಈ ಬೀದಿಯಲ್ಲಿ ನಡೆಯುತ್ತಿರುವ ಒಬ್ಬಳು